ನೆರಳಿನ ಕಡೆಯ ಸೀಟು

ನಮ್ಮ ಮನೆಯವರು ಮರಿಬಸಪ್ಪನವರಿಗೆ ಮುಂಬೈ ಅಂದರೆ ಅಂಗೈ ಇದ್ದಂತೆ. ಹೀಗೆಂದು ಹೇಳುವವರು ಅವರೊಬ್ಬರೇ. ಹತ್ತಿ ವ್ಯಾಪಾರಕ್ಕೆಂದು ಆದೋನಿಯಿಂದ ವರ್ಷಕ್ಕೊಮ್ಮೆ ಹೋಗಿ ಬರುತ್ತಿದ್ದರು. ಬಂದ ಮೇಲೆ ವಾರಗಟ್ಟಲೆ ಅಂಗಡಿಯ ಗಾದಿಯ ಮೇಲೆ ಕೂತು, ಸಮುದ್ರದ ದಂಡೆಗುಂಟ ಹೋಗುವ ಮರೀನ್ ಡ್ರೈವ್ ರಸ್ತೆಯನ್ನು ಬಸ್ಸಿನಲ್ಲಿ ಹೇಗೆ ಸುತ್ತಬೇಕೆಂದು ಪೆದ್ದಕಡುಬೂರಿನಿಂದ ಹತ್ತಿ ತಂದವರಿಗೆ ಪಾಠ ಹೇಳುತ್ತಿದ್ದರು. ಪಾಪ, ಅವರು ರೇಟು ಕೇಳಲು ಬಂದವರು, ಎದ್ದು ಹೋಗುವಂತಿರಲಿಲ್ಲ.

ನಾನು ನಾಗಲದಿನ್ನೆಯವಳು. ತುಂಗಭದ್ರೆ ಎಷ್ಟು ತುಂಬಿ ಬಂದರೂ ನಮಗೆ ಆಚೆ ದಡ ಕಾಣುತ್ತಿತ್ತು. ಆಚೆ ದಡವೇ ಇಲ್ಲದ ನೀರನ್ನು ಒಮ್ಮೆ ನೋಡಬೇಕೆಂದು ಮದುವೆಯಾದ ಹೊಸತರಲ್ಲಿ ಅವರಿಗೆ ಹೇಳಿದ್ದೆ. ಬೇರೇನನ್ನೂ ಬಾಯಿಬಿಟ್ಟು ಕೇಳಿದವಳಲ್ಲ. ‘ಮುಂದಿನ ಸಲ’ ಎಂದರು. ಆ ಮುಂದಿನ ಸಲ ಬರುವಷ್ಟರಲ್ಲಿ ಅಂಗಡಿ ಮುಚ್ಚಿತ್ತು, ನನ್ನ ಮೊಣಕಾಲು ಸವೆದಿದ್ದವು.

ಹೋದ ವರ್ಷ ನನ್ನ ತಂಗಿಯ ಮಗಳು ಭುವನಾ ಮಗುವಿನ ತೊಟ್ಟಿಲಿಗೆ ಮುಂಬೈಗೆ ಕರೆದಳು. ಕಾರ್ಯ ಮುಗಿದ ಮರುದಿನ ರಾತ್ರಿ ನಮ್ಮ ರೈಲು. ಮಧ್ಯಾಹ್ನವೆಲ್ಲ ಖಾಲಿ. ಇದು ತಪ್ಪಿದರೆ ಇನ್ನು ಈ ಜನ್ಮದಲ್ಲಿ ನನಗೆ ಸಮುದ್ರವಿಲ್ಲವೆಂದು ಗೊತ್ತಿತ್ತು. ದೊಡ್ಡಮ್ಮನಿಗೆ ಕಾಲು ನೋವು, ಟ್ಯಾಕ್ಸಿ ಮಾಡಿಕೊಡುತ್ತೇನೆ ಎಂದಳು ಭುವನಾ.

“ಟ್ಯಾಕ್ಸಿ ಇರೋದು ಊರು ಗೊತ್ತಿಲ್ಲದವ್ರಿಗಮ್ಮ. ನಾ ಬಸ್ಸಿನ್ಯಾಗ ತೋರಸ್ತೀನಿ. ಆಕಿ ಸಾಕಂತ ಅನಬೇಕು, ಹಂಗ ತೋರಸ್ತೀನಿ” ಎಂದರು ಇವರು.

ಬಸ್ ಸ್ಟಾಪಿನಲ್ಲಿ ಜನ ಸಾಲಾಗಿ ನಿಂತಿದ್ದರು. ಸಾಲು ನಿಲ್ಲುವುದು ನಮ್ಮವರ ಜಾಯಮಾನವಲ್ಲ. ಆದೋನಿ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಒಗೆದರೆ ಆ ಸೀಟು ನಮ್ಮದು, ಅದರ ಮೇಲೆ ಬೇರೆಯವರು ಕೂತರೆ ಜಗಳ. ಇಲ್ಲಿಯೂ ಬಸ್ಸು ಬಂದದ್ದೇ ತಡ, ಹೆಗಲ ಮೇಲಿನ ಟವೆಲ್ ಬೀಸಿ ಒಗೆದರು. ಅದು ಎ.ಸಿ. ಬಸ್ಸು. ಟವೆಲ್ ಗಾಜಿಗೆ ಬಡಿದು, ಸಾಲಿನಲ್ಲಿದ್ದ ಒಬ್ಬರ ಬೂಟಿನ ಮೇಲೆ ಬಿತ್ತು. ಆ ಮನುಷ್ಯ ಅದನ್ನು ಮಡಚಿ ನನ್ನ ಕೈಗೆ ಕೊಟ್ಟ. ನಾಚಿಕೆಯಿಂದ ನಾನು ನೆಲ ನೋಡಿದೆ. ನಾಚಬೇಕಾದವರು ಆಗಲೇ ಎಲ್ಲರನ್ನೂ ತಳ್ಳಿಕೊಂಡು ಒಳಗೆ ಹೋಗಿದ್ದರು.

“ಬಾ, ನೆರಳಿನ ಕಡೆ ಹಿಡದೀನಿ.”

ನಮ್ಮ ಕಡೆಯವರು ಬಸ್ಸು ಹತ್ತುವ ಮುಂಚೆ ಸೂರ್ಯ ಎಲ್ಲಿದ್ದಾನೆಂದು ನೋಡುತ್ತಾರೆ. ಬೇಸಿಗೆಯಲ್ಲಿ ಎಮ್ಮಿಗನೂರಿಗೆ ಹೊರಟಾಗ ಅದು ಬುದ್ಧಿವಂತಿಕೆಯೇ. ಆದರೆ ಈ ಬಸ್ಸಿನೊಳಗೆ ನಾನು ಸೆರಗು ಹೊದ್ದುಕೊಳ್ಳುವಷ್ಟು ಚಳಿಯಿತ್ತು. ಅದೂ ಅಲ್ಲದೆ, ಮಧ್ಯಾಹ್ನದ ಸೂರ್ಯ ಇದ್ದದ್ದು ಸಮುದ್ರದ ಮೇಲೆ.

“ರೀ, ಆ ಕಡೆ ಕುಂದ್ರೂಣ್ರಿ. ನೀರು ಆ ಕಡೆ ಐತಿ” ಎಂದೆ.

“ಬಿಸ್ಲು ಬಡೀತೈತಿ, ತೆಲಿ ನೋಯ್ತೈತಿ. ಬರೋ ಮುಂದ ನೀರು ಈ ಕಡೆ ಬರ್ತೈತಿ. ನಿನಗೇನ್ ಗೊತ್ತೈತಿ?”

ಹೀಗೆ ನಾನು ಮರೀನ್ ಡ್ರೈವ್ ನೋಡಿದೆ. ಬಿಲ್ಡಿಂಗುಗಳ ಮೆಟ್ಟಿಲು ನೋಡಿದೆ, ಬಾಲ್ಕನಿಗಳಲ್ಲಿ ಒಣಹಾಕಿದ ಬಟ್ಟೆ ನೋಡಿದೆ. ತಿರುಗಿ ನೋಡಿದರೆ ನಿಂತವರ ಸೊಂಟಗಳು, ಅವುಗಳ ನಡುವೆ ಏನೋ ಹೊಳೆದಂತಾಗಿ ಮತ್ತೆ ಮುಚ್ಚಿಹೋಗುತ್ತಿತ್ತು. ನಮ್ಮವರು ಒಂದೊಂದು ಬಿಲ್ಡಿಂಗಿನ ಬೆಲೆ ಹೇಳುತ್ತಿದ್ದರು, ತಾವೇ ಮಾರಾಟಕ್ಕಿಟ್ಟವರ ಹಾಗೆ.

ಆ ರಸ್ತೆ ಮುಗಿಯುವ ಚೌಪಾಟಿ ದಾಟಿ, ಸಮುದ್ರ ಬಿಲ್ಡಿಂಗುಗಳ ಹಿಂದೆ ಮರೆಯಾದಲ್ಲಿ ಇಳಿದೆವು. ಬರುವ ಬಸ್ಸು ಸಿಕ್ಕಿತು. ಅವರು ಹೇಳಿದ್ದು ಸುಳ್ಳಲ್ಲ, ಸಮುದ್ರ ಬಲಗಡೆಗೆ ಬಂದಿತ್ತು. ಬಿಸಿಲೂ ಅದರ ಜೊತೆಗೇ ಬಂದಿತ್ತು. ನಮ್ಮವರು ಎಡಗಡೆಗೆ ಹೋಗಿ ಕೂತರು, ಹಿಂದಿನ ಸೀಟು ತೋರಿಸಿ ನನಗೂ ಅಲ್ಲೇ ಕೂಡಲು ಹೇಳಿದರು.

ಆಗ ನನಗೆ ಬಂದ ಸಿಟ್ಟು, ಸೊಸೆಯಾಗಿ ಬಂದಾಗಿನಿಂದ ಬಂದಿರಲಿಲ್ಲ. ನಾನು ಕೂಡಲಿಲ್ಲ. ಕಂಬಿ ಹಿಡಿದು ಡ್ರೈವರನ ತನಕ ಹೋಗಿ, ಬಿಸಿಲಿನ ಕಡೆ ಕೈ ಮಾಡಿ, “ಸಮುದ್ರ, ಸಮುದ್ರ” ಎಂದೆ. ಅವನು ನನ್ನ ಮುಖ ನೋಡಿ ಮುಂದಿನ ಸ್ಟಾಪಿನಲ್ಲಿ ಬಾಗಿಲು ತೆಗೆದ. ಇಳಿದೆ. ಬಸ್ಸು ಮುಂದೆ ಹೋಗುವಾಗ ಗಾಜಿನೊಳಗೆ ಇವರು ಕಂಡರು. ಪಕ್ಕದ ಮುಂಬೈಯವನಿಗೆ ಮುಂಬೈ ವಿವರಿಸುತ್ತಿದ್ದರು.

ರಸ್ತೆ ದಾಟಲು ಒಬ್ಬ ಹುಡುಗಿ ಕೈ ಹಿಡಿದಳು. ಕಟ್ಟೆಯ ಮೇಲೆ ಕೂತೆ. ನೀರು ಇತ್ತು. ಆಚೆ ಏನೂ ಇರಲಿಲ್ಲ. ಎಷ್ಟು ನೋಡಿದರೂ ಏನೂ ಇರಲಿಲ್ಲ. ನನ್ನ ಎದೆ ತುಂಬಿ ಬಂತು, ಅದರ ಹಿಂದೆಯೇ ಹೊಟ್ಟೆ ಉರಿಯಿತು. ಒಂದು ರಸ್ತೆ ದಾಟುವಷ್ಟು ಕೆಲಸಕ್ಕೆ ನಾನು ಮುದುಕಿಯಾಗುವ ತನಕ ಕಾದಿದ್ದೆ.

ಫೋನು ಬಂತು.

“ಎಲ್ಲಿ ಅದೀ? ಯಾರನ್ನ ಕೇಳಿ ಇಳದಿ?”

“ಡ್ರೈವರನ್ನ ಕೇಳಿ ಇಳದೀನ್ರಿ.”

ಅವರ ದನಿ ಸಣ್ಣದಾಯಿತು. “ನಾ ಇಳದೀನಿ. ಇದು ಯಾವ ಜಾಗಾನೋ ತಿಳೀವಲ್ದು. ನಿನ್ನ ಹತ್ರ ಹೆಂಗ ಬರಬೇಕು?”

ಮುಂಬೈ ಅಂಗೈಯಲ್ಲಿದ್ದವರು ಕೇಳುತ್ತಿದ್ದರು. ಹೇಳಿದೆ.

“ಟ್ಯಾಕ್ಸಿ ಮಾಡ್ಕೊಂಡ್ ಬರ್ರಿ. ಅವಸರ ಏನಿಲ್ಲ.”