ಕ್ಯಾಪ್ಟನ್ ಹೇಳದೆ ಬಿಟ್ಟಿದ್ದು

"ತಾತನ ಕಾಲಿಗೆ ಗುಂಡು ಬಿದ್ದಾಗ ನೀವು ಅಲ್ಲೇ ಇದ್ರಾ?"

ಮೊಮ್ಮಗಳು ಕೇಳಿದ್ದು ಅಡುಗೆಮನೆಗೆ ಕೇಳಿಸಿ, ಟೀ ಸೋಸುತ್ತಿದ್ದ ಅಜ್ಜಿಯ ಕೈ ನಿಂತಿತು. ಹಜಾರದಲ್ಲಿ ಕೂತಿದ್ದ ಅತಿಥಿ ಅವಳ ಗಂಡನ ಜೊತೆ ಸೈನ್ಯದಲ್ಲಿದ್ದವರು. ಗೆಳೆಯನ ಸಾವಿನ ಸುದ್ದಿ ತಡವಾಗಿ ತಿಳಿದು, ಎರಡು ಬಸ್ಸು ಬದಲಿಸಿ, ಬಲಗಾಲು ಎಳೆಯುತ್ತ ಬಂದಿದ್ದರು.

ಬೀದಿಯವರಿಗೆಲ್ಲ ಅವಳ ಗಂಡ 'ಕ್ಯಾಪ್ಟನ್'. ಹೇಸರಗತ್ತೆಗಳ ಮೇಲೆ ರೇಷನ್ ಹೇರಿಕೊಂಡು ಬೆಟ್ಟ ಹತ್ತುತ್ತಿದ್ದ ಬರೀ ಸಿಪಾಯಿ ಎಂಬುದು ಅವಳಿಗೊಬ್ಬಳಿಗೇ ಗೊತ್ತು. ಗುಂಡು ಬಿದ್ದ ಕಾಲಲ್ಲೇ ಮೇಲೇರಿ ಶತ್ರುಗಳ ಠಾಣೆ ಹಿಡಿದ ಕಥೆಯನ್ನು ಗಂಡ ಮೊಮ್ಮಗಳಿಗೆ ಸಾವಿರ ಸಲ ಹೇಳಿದ್ದರು. ಆ ಕಾಲಿಗೆ ನಲವತ್ತು ವರ್ಷ ಎಣ್ಣೆ ತಿಕ್ಕಿದವಳಿಗೆ ಗುಂಡಿನ ಗಾಯವಿರಲಿ, ಮುಳ್ಳು ಚುಚ್ಚಿದ ಗುರುತೂ ಸಿಕ್ಕಿರಲಿಲ್ಲ. ಸುಳ್ಳಾದರೇನು, ಯಾರ ಮನೆಯನ್ನೂ ಹಾಳು ಮಾಡದ ಸುಳ್ಳು. ಈಗ ಈ ಮಗುವಿನ ಮುಂದೆ ಸತ್ತವರ ಮಾನ ಹೋಗದಿದ್ದರೆ ಸಾಕಾಗಿತ್ತು.

ಲೋಟ ಹಿಡಿದು ಓಡಿಬಂದಳು. "ಆರಿಹೋಗತ್ತೆ, ತಗೊಳ್ಳಿ. ಕಥೆಯೆಲ್ಲ ಆಮೇಲೆ."

"ಠಾಣೆ ಹಿಡಿದಿದ್ದು ಯಾರಂತೆ ಪುಟ್ಟಿ?" ಎಂದರು ಬಂದವರು.

"ತಾತಾನೇ. ಒಬ್ರೇ."

ಅವರು ಲೋಟ ಅಲುಗಾಡಿ ಟೀ ಚೆಲ್ಲುವಷ್ಟು ನಕ್ಕರು. "ಆ ಗುಂಡು ಬಿದ್ದಿದ್ದು ನನ್ನ ಕಾಲಿಗಮ್ಮ."

ಮೊಮ್ಮಗಳ ಮುಖ ಸಣ್ಣದಾಯಿತು. ಅಜ್ಜಿ ತಡವರಿಸಿದಳು. "ಅವರಿಗೆ ಸ್ವಲ್ಪ ಉಪ್ಪು ಖಾರ ಹಚ್ಚಿ ಹೇಳೋ ಅಭ್ಯಾಸ. ತಪ್ಪು ತಿಳ್ಕೋಬೇಡಿ."

"ಹಚ್ಚಿದ್ದು ಗೊತ್ತಾಯ್ತು ಅತ್ತಿಗೆ. ಬಿಟ್ಟಿದ್ದನ್ನ ಹೇಳ್ಲೇ ಇಲ್ವಾ ಅಣ್ಣ?"

"ಏನು ಬಿಟ್ಟಿದ್ದು?"

"ನನ್ನನ್ನ ಕೆಳಗಿಳಿಸಿದ್ದು. ಹೇಸರಗತ್ತೆನೂ ಕಾಲಿಡದ ಜಾಗ ಅದು. ಬೆನ್ನ ಮೇಲೆ ಹೊತ್ಕೊಂಡು ಇಳಿದ್ರು. ಮೇಲಿಂದ ಗುಂಡು ಬೀಳ್ತಾನೇ ಇತ್ತು."

ಪಕ್ಕದ ಮನೆ ಬೆಕ್ಕು ಮರಿ ಹಾಕಿದ್ದನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳಲಾಗದ ಮನುಷ್ಯ. ಅಜ್ಜಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. "ಇಲ್ಲದ್ದೆಲ್ಲ ಹೇಳಿದ್ರಲ್ಲ. ಇದನ್ನ ಯಾಕೆ ಹೇಳ್ಲಿಲ್ಲ?"

ಅವರು ಲೋಟ ಕೆಳಗಿಟ್ಟರು.

"ದಾರಿಯುದ್ದಕ್ಕೂ ನಾನು ಅಮ್ಮಾ ಅಮ್ಮಾ ಅಂತ ಅಳ್ತಿದ್ದೆ. ಬಟ್ಟೆಯೆಲ್ಲ ಒದ್ದೆ ಮಾಡ್ಕೊಂಡಿದ್ದೆ. ಯಾರಿಗೂ ಹೇಳಬೇಡಿ ಅಂತ ಆಣೆ ಮಾಡಿಸ್ಕೊಂಡೆ. ಹೆಂಡತಿಗೂ ಹೇಳಲ್ಲ ಕಣೋ ಅಂದಿದ್ರು."

ಮೊಮ್ಮಗಳು ತನ್ನ ಸ್ಟೂಲನ್ನು ಅವರ ಹತ್ತಿರಕ್ಕೆ ಎಳೆದುಕೊಂಡಳು.

ಗಂಡ ಯುದ್ಧದ ಮಾತು ತೆಗೆದಾಗಲೆಲ್ಲ ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋಗುತ್ತಿದ್ದ ಅಜ್ಜಿ ಈಗಲೂ ಒಳಗೆ ಹೋದಳು. ಒಲೆ ಆರಿಸಿ ಬಂದು, ಗಂಡನ ಕುರ್ಚಿಯಲ್ಲಿ ಕಾಲು ಮಡಚಿ ಕೂತಳು.

"ಮೊದಲಿಂದ ಹೇಳಿ" ಎಂದಳು.