ತಳ್ಳಿಹಾಕಲಾಗದ ಸಾಧ್ಯತೆ

ಗುಂಡು ತಾಗಿದ ಗುರಿಹಾಳೆಯನ್ನು ಕಿಟಕಿಗೆ ಎತ್ತಿ ಹಿಡಿದರೆ ಒಂದೊಂದು ತೂತಿನಿಂದಲೂ ಬಿಸಿಲು ತೂರಿ ಬಂದು, ಹಿಡಿದವರ ಅಂಗಿಯ ಮೇಲೆ ಸಣ್ಣ ಚುಕ್ಕಿಗಳಾಗಿ ಬೀಳುತ್ತಿತ್ತು. ದಾನಿಯೇಲಪ್ಪನವರು ಹಾಗೆ ನಿಲ್ಲುವುದನ್ನು ನಾನು ನಾಲ್ಕು ವರ್ಷ ದಿನವೂ ನೋಡಿದ್ದೇನೆ. ಅವರು ಹಾಳೆಯನ್ನು ನೋಡುತ್ತಿದ್ದರು; ನಾನು ಅವರ ಎದೆಯ ಮೇಲಿನ ಚುಕ್ಕಿಗಳನ್ನು ನೋಡುತ್ತಿದ್ದೆ. ಚುಕ್ಕಿಗಳು ಒತ್ತೊತ್ತಾಗಿ ಬಿದ್ದರೆ ಆ ದಿನದ ಮಾಲು ಚೆನ್ನಾಗಿದೆಯೆಂದು ಲೆಕ್ಕ.

ನಮ್ಮೂರಿನ ಕಾರ್ಖಾನೆಯಲ್ಲಿ ರೈಫಲ್ಲಿಗೆ ಹಾಕುವ ಕಾಡತೂಸುಗಳು ತಯಾರಾಗುತ್ತಿದ್ದವು. ಪ್ರತಿಯೊಂದು ಕಂತಿನಿಂದ ಕೆಲವನ್ನು ಆರಿಸಿ ಹಾರಿಸಿ ನೋಡುವುದು ದಾನಿಯೇಲಪ್ಪನವರ ಕೆಲಸ. ಅವರು ಹಳೆಯ ಸಿಪಾಯಿ. ಮಾತು ಕಡಿಮೆ, ಕೈ ಗಟ್ಟಿ. ತೂತುಗಳ ನಡುವಿನ ಅಂತರ ಅಳೆದು ದಫ್ತರದಲ್ಲಿ ಬರೆಯುವುದು ನನ್ನ ಕೆಲಸ. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

ಪರೀಕ್ಷೆಯ ಶೆಡ್ಡಿಗೆ ಆಗಾಗ ಬರುತ್ತಿದ್ದವರೆಂದರೆ ನಿಂಗಾಜಮ್ಮ. ತಪಾಸಣೆಯ ಹಜಾರದಲ್ಲಿ ಸಾಲಾಗಿ ಕೂತು, ಸಿದ್ಧವಾದ ಕಾಡತೂಸುಗಳನ್ನು ಅಂಗೈಯಲ್ಲಿ ಉರುಳಿಸಿ ನೋಡುವ ಮೂವತ್ತು ಹೆಂಗಸರಲ್ಲಿ ಅವರೊಬ್ಬರು, ನಂಬರು ಹದಿನೇಳು. ಅವರು ನೋಡಿದ ಪೆಟ್ಟಿಗೆಯೊಳಗೆಲ್ಲ ಆ ನಂಬರಿನ ಚೀಟಿ ಇರುತ್ತಿತ್ತು. ಅನುಮಾನ ಬಂದದ್ದನ್ನು ಸೆರಗಿನಲ್ಲಿ ಹಾಕಿಕೊಂಡು ಊಟದ ಬಿಡುವಿನಲ್ಲಿ ನಮ್ಮ ಶೆಡ್ಡಿಗೆ ತರುತ್ತಿದ್ದರು.

"ಇಲ್ನೋಡಣ್ಣ, ಹಿತ್ತಾಳೆ ಹೆಗಲತ್ರ ಸಣ್ಣ ತಗ್ಗು. ಇದು ಹೋಗ್ಬೋದಾ?"

ದಾನಿಯೇಲಪ್ಪನವರು ಕನ್ನಡಕ ಏರಿಸಿ ನೋಡುತ್ತಿದ್ದರು. "ಹೋಗುತ್ತೆ ಕಣಮ್ಮ. ಇದು ಮುಖದ ಮೇಲಿನ ಮಚ್ಚೆ ಇದ್ದಂಗೆ. ಗುಂಡು ಸೊಟ್ಟಗೆ ಕೂತಿದ್ರೆ ಮಾತ್ರ ನಂಗೆ ಹೇಳು."

"ಹಂಗಂತ ಬಿಟ್ಟು, ನಾಳೆ ಯಾರಿಗಾದ್ರೂ ಏನಾದ್ರೂ ಆದ್ರೆ?"

"ಏನಾಗುತ್ತೆ? ಸಿಡಿದಾಗ ಆ ತಗ್ಗು ಉಬ್ಬಿ ತಾನೇ ಸರಿಹೋಗುತ್ತೆ."

ಅಷ್ಟು ಹೇಳಿಸಿಕೊಂಡೇ ನಿಂಗಾಜಮ್ಮ ಹಿಂದಕ್ಕೆ ಹೋಗುತ್ತಿದ್ದುದು. ಒಂದು ಕಲೆ, ಒಂದು ಗೀರು ಕಂಡರೂ ಅವರಿಗೆ ನೆಮ್ಮದಿಯಿರುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಊರಿನ ಧಾನ್ಯದ ಉಗ್ರಾಣಕ್ಕೆ ಹನ್ನೆರಡು ದಿನ ಬೀಗ ಬಿದ್ದಿತ್ತು. ಹದಿಮೂರನೆಯ ದಿನ ಜನ ಚೀಲ ಹಿಡಿದು ಬಂದು ಬಾಗಿಲ ಮುಂದೆ ನಿಂತರು. ದರ್ಜಿ ಚಿಕ್ಕೀರಯ್ಯ ಮೆಟ್ಟಿಲು ಹತ್ತಿ, ಗಲಾಟೆ ಮಾಡಬೇಡಿ, ಬೀಗ ತೆಗೆಯುವವರೆಗೆ ಇಲ್ಲೇ ಕೂರೋಣ ಎಂದು ಹೇಳುತ್ತಿದ್ದ. ಉಗ್ರಾಣದ ಕಾವಲಿನವರ ಕಡೆಯಿಂದ ಒಂದೇ ಒಂದು ಗುಂಡು ಹಾರಿತು. ಚಿಕ್ಕೀರಯ್ಯ ಮೆಟ್ಟಿಲ ಮೇಲೆಯೇ ಕುಸಿದು ಸತ್ತ.

ಜನರನ್ನು ಬೆದರಿಸಲೆಂದು ಆಕಾಶಕ್ಕೆ ಹಾರಿಸಿದ್ದೆವು, ಊರಿನ ಕಾರ್ಖಾನೆಯ ಕಾಡತೂಸಿನಲ್ಲಿ ದೋಷವಿದ್ದು ಗುಂಡು ದಾರಿ ತಪ್ಪಿತು ಎಂದು ಕಾವಲು ಪಡೆಯವರು ಹೇಳಿಕೆ ಕೊಟ್ಟರು. ಸಿಡಿದ ಕಾಡತೂಸಿನ ಹಿತ್ತಾಳೆಯ ಮೇಲೆ ಏನೂ ಗುರುತಿರಲಿಲ್ಲ. ಆದರೆ ಅದೇ ಪೆಟ್ಟಿಗೆಯಲ್ಲಿ ಉಳಿದವುಗಳ ಪೈಕಿ ಎರಡರ ಮೇಲೆ ತಗ್ಗು, ಮೂರರ ಮೇಲೆ ಕಲೆ ಸಿಕ್ಕಿತು. ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಹದಿನೇಳನೆಯ ನಂಬರಿತ್ತು.

ಇಂಥ ಹೊರಗಿನ ದೋಷಗಳಿಂದ ಗುರಿ ತಪ್ಪುತ್ತದೆಯೇ ಎಂದು ಪರೀಕ್ಷಿಸಿ ತಿಳಿಸಬೇಕೆಂದು ವಿಚಾರಣೆಯವರು ಕಾರ್ಖಾನೆಗೆ ಬರೆದರು. ದಾನಿಯೇಲಪ್ಪನವರು ಮೂರು ಬೆಳಿಗ್ಗೆ ಆ ಕೆಲಸ ಮಾಡಿದರು. ಅದೇ ಕಂತಿನಿಂದ ಹೊಳೆಯುವ ಐದು, ತಗ್ಗು ಬಿದ್ದ ಐದು, ಕಲೆ ಹತ್ತಿದ ಐದು. ಮತ್ತೆ ಅದೇ ಕ್ರಮ. ರೈಫಲ್ಲಿನ ಕೆಳಗೆ ಮರಳಿನ ಚೀಲವಿಟ್ಟು, ಒಂದೊಂದು ಸುತ್ತಿನ ನಡುವೆ ನಳಿಕೆ ಆರುವ ತನಕ ಕಾದು ಹಾರಿಸಿದರು. ನೂರು ಗಜ ದೂರದಿಂದ ನಾನು ಹಾಳೆಗಳನ್ನು ತಂದುಕೊಟ್ಟೆ. ಅವರು ಒಂದೊಂದನ್ನೂ ಕಿಟಕಿಗೆ ಹಿಡಿದರು. ಹೊಳೆಯುವ ಕಾಡತೂಸಿನ ಚುಕ್ಕಿಗಳು ಯಾವುವು, ತಗ್ಗು ಬಿದ್ದವುಗಳವು ಯಾವುವು ಎಂದು ಅವರ ಅಂಗಿಯ ಮೇಲೆ ಹುಡುಕಿದರೂ ನನಗೆ ತಿಳಿಯಲಿಲ್ಲ. ಅಳತೆಪಟ್ಟಿಗೂ ತಿಳಿಯಲಿಲ್ಲ. ಒಂದು ಸಲವಂತೂ ಕಲೆ ಹತ್ತಿದ ಐದೂ ಉಳಿದೆಲ್ಲಕ್ಕಿಂತ ಹತ್ತಿರ ಕೂತಿದ್ದವು.

"ಬರಿ," ಎಂದರು. "ವ್ಯತ್ಯಾಸ ಇಲ್ಲ."

ಬರೆದೆ.

"ಇಲ್ಲಿ ನೂರು ಗಜಕ್ಕೆ ಎರಡು ಬೆರಳು ಸರೀಲಿಲ್ಲ. ಅಲ್ಲಿ ಉಗ್ರಾಣದತ್ರ ನಲವತ್ತೇ ಹೆಜ್ಜೆ. ಆಕಾಶಕ್ಕೆ ಇಟ್ಟ ಗುಂಡು ಎದೆಗಿಳಿಯುತ್ತೇನಯ್ಯಾ?" ಅವರು ಹಾಳೆಯನ್ನು ಮಡಿಸಿದರು. "ಎದೆಗಿಟ್ಟಿದ್ರು. ಎದೆಗೇ ಹೋಯ್ತು."

ಸಂಜೆ ಮ್ಯಾನೇಜರ್ ಜಯದೇವ ನಮ್ಮಿಬ್ಬರನ್ನೂ ಕರೆಸಿದರು. ಸಭ್ಯ ಮನುಷ್ಯ, ಯಾರ ಮೇಲೂ ದನಿಯೇರಿಸಿದವರಲ್ಲ. ವರದಿಯನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟರು.

"ಸುಳ್ಳು ಬರೀರಿ ಅಂತ ನಾನು ಹೇಳಲ್ಲ. ಅಳತೆಗಳೆಲ್ಲ ಹಾಗೇ ಇರಲಿ. ಕೊನೇಲಿ ಒಂದು ಸಾಲು ಸೇರಿಸಿ. 'ಅಪರೂಪದ ಸಂದರ್ಭಗಳಲ್ಲಿ ಇಂಥ ದೋಷಗಳಿಂದ ಗುಂಡಿನ ದಾರಿ ತಪ್ಪುವ ಸಾಧ್ಯತೆಯನ್ನು ತಳ್ಳಿಹಾಕಲಾಗದು.' ಅಷ್ಟೆ."

ದಾನಿಯೇಲಪ್ಪನವರು ಮಡಿಸಿ ತಂದಿದ್ದ ಹಾಳೆಯನ್ನು ಬಿಡಿಸಿ, ಮ್ಯಾನೇಜರ ಹಿಂದಿದ್ದ ಕಿಟಕಿಯ ಬೆಳಕಿಗೆ ಹಿಡಿದರು. ಇಳಿಬಿಸಿಲಿನಲ್ಲಿ ಐದು ಚುಕ್ಕಿಗಳು ಅವರ ಅಂಗಿಯ ಮೇಲೆ ಮೂಡಿದವು.

"ನೋಡಿ ಸ್ವಾಮಿ. ಇದರಲ್ಲಿ ಯಾವುದು ಅಪರೂಪದ್ದು?"

"ದಾನಿಯೇಲಪ್ಪ, ಜಗತ್ತಿನಲ್ಲಿ ಯಾವ ಸಾಧ್ಯತೇನ ತಾನೇ ಪೂರ್ತಿ ತಳ್ಳಿಹಾಕೋಕಾಗುತ್ತೆ?"

"ಹಂಗಾದ್ರೆ ಎದೆಗಿಟ್ಟು ಹೊಡೆದ್ರು ಅನ್ನೋ ಸಾಧ್ಯತೇನೂ ತಳ್ಳಿಹಾಕಲಾಗದು. ಅದನ್ನೂ ಸೇರಿಸ್ತೀರಾ?"

ದಾನಿಯೇಲಪ್ಪನವರು ಹಾಳೆಯನ್ನು ಮೇಜಿನ ಮೇಲಿಟ್ಟು ಹೊರಟರು. ಮರುವಾರ, ದೃಷ್ಟಿ ಮಂದವಾಗಿದೆ ಎಂಬ ಕಾರಣ ಕೊಟ್ಟು ಅವರನ್ನು ಕೆಲಸದಿಂದ ನಿವೃತ್ತಿಗೊಳಿಸಿದರು. ಅವರು ಊರು ಬಿಟ್ಟು ತಂಗಿಯ ಮನೆಗೆ ಹೋದರೆಂದು ಕೇಳಿದೆ. ನಾನು ಕಳಿಸಿಕೊಡಲು ಹೋಗಲಿಲ್ಲ.

ವರದಿ ಆ ಸಾಲಿನೊಂದಿಗೇ ಹೋಯಿತು.

ಕಾವಲಿನವರ ತಪ್ಪಿಲ್ಲವೆಂದೂ, ತಪಾಸಣೆಯಲ್ಲಿ ಅಲಕ್ಷ್ಯ ನಡೆದಿದೆಯೆಂದೂ ತೀರ್ಪಾಯಿತು. ನಿಂಗಾಜಮ್ಮನನ್ನು ತೆಗೆದುಹಾಕುವ ಆದೇಶವನ್ನು ಹಜಾರದಲ್ಲಿ ಎಲ್ಲರ ಮುಂದೆ ಓದಿದರು. ಆಕೆ ಅಳಲಿಲ್ಲ, ಜಗಳ ತೆಗೆಯಲಿಲ್ಲ. ಎರಡೂ ಅಂಗೈಗಳನ್ನು ಮುಂದೆ ಹಿಡಿದು ನೋಡಿಕೊಂಡು, "ನನ್ ಕೈಯಿಂದ್ಲಾ?" ಎಂದು ಪಕ್ಕದವಳನ್ನು ಕೇಳಿದರು.

ಇಪ್ಪತ್ತು ವರ್ಷ ಕಳೆದವು. ನಾನು ಕಾಯಂ ಆದೆ, ಮೇಲಿನ ಹುದ್ದೆಗೆ ಏರಿದೆ, ನಿವೃತ್ತನಾದೆ. ನಿಂಗಾಜಮ್ಮ ಚಿಕ್ಕೀರಯ್ಯನ ಹೆಂಡತಿಯ ಮನೆಯಲ್ಲಿದ್ದಾರೆಂದು ಯಾರೋ ಹೇಳಿದಾಗ ನಾನು ನಂಬಲಿಲ್ಲ. ಕೆಲಸ ಕಳೆದುಕೊಂಡ ತಿಂಗಳಲ್ಲೇ ಆ ಮನೆಯ ಬಾಗಿಲಿಗೆ ಹೋಗಿ, ನಿನ್ನ ಗಂಡನನ್ನು ಕೊಂದವಳು ನಾನು, ನಿನ್ನ ಚಾಕರಿ ಮಾಡಿಕೊಂಡಿರುತ್ತೇನೆ ಎಂದರಂತೆ. ಆ ಹೆಂಗಸು ಮೊದಲು ಬಾಗಿಲು ಹಾಕಿದಳಂತೆ, ಆಮೇಲೆ ತೆಗೆದಳಂತೆ.

ಒಂದು ಮಧ್ಯಾಹ್ನ ಆ ಮನೆ ಹುಡುಕಿಕೊಂಡು ಹೋದೆ. ನಿಂಗಾಜಮ್ಮ ಜಗಲಿಯಲ್ಲಿ ಕೂತು, ಹೊಲಿಗೆಗೆ ಬಂದ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಗುರುತು ಹಿಡಿದು, ಚಾಪೆ ಹಾಸಿ, ಒಂದು ಲೋಟ ನೀರು ತಂದಿಟ್ಟರು.

ಹೇಗೆ ಶುರುಮಾಡಬೇಕೆಂದು ತಿಳಿಯದೆ ನೇರವಾಗಿ ಹೇಳಿಬಿಟ್ಟೆ. "ನಿಂಗಾಜಮ್ಮ, ನಿಮ್ಮ ಕೈಯಿಂದ ಏನೂ ತಪ್ಪಾಗಿರಲಿಲ್ಲ. ನಾವು ಹಾರಿಸಿ ನೋಡಿದ್ದೆವು. ತಗ್ಗಿದ್ದರೂ ಕಲೆಯಿದ್ದರೂ ಗುಂಡು ಒಂದೇ ಕಡೆ ಹೋಗುತ್ತಿತ್ತು. ಚಿಕ್ಕೀರಯ್ಯನನ್ನು ಗುರಿಯಿಟ್ಟೇ ಹೊಡೆದದ್ದು."

ಅವರು ನೂಲನ್ನು ಹಲ್ಲಿನಿಂದ ಕತ್ತರಿಸಿದರು. "ಆ ಕಾಗದದಲ್ಲಿ ಹಂಗಿರಲಿಲ್ವಲ್ಲ ಸ್ವಾಮಿ."

"ಕೊನೆಯ ಸಾಲು ಆಮೇಲೆ ಸೇರಿಸಿದ್ದು."

"ಯಾರು?"

ಇಷ್ಟು ಹೊತ್ತು ಬರೆಯದೆ ಉಳಿಸಿಕೊಂಡದ್ದನ್ನು ಇನ್ನು ಬರೆಯದೆ ವಿಧಿಯಿಲ್ಲ. ದಾನಿಯೇಲಪ್ಪನವರು ಹೊರಟುಹೋದ ಮೇಲೆ ಜಯದೇವ ನನ್ನ ಕಡೆಗೆ ತಿರುಗಿ, "ನಿನ್ನ ಅಕ್ಷರ ಚೆನ್ನಾಗಿದೆ," ಎಂದಿದ್ದರು. ಅವರು ಹೆದರಿಸಲಿಲ್ಲ. ಪೆನ್ನು ಸಹ ನನ್ನದೇ. ಸಾಲನ್ನು ನಾನೇ ಬರೆದು, ಪರೀಕ್ಷಕರ ಜಾಗದಲ್ಲಿ ನಾನೇ ಸಹಿ ಹಾಕಿದ್ದೆ.

"ನಾನು. ಸಹಿಯೂ ನನ್ನದೇ," ಎಂದೆ.

ನಿಂಗಾಜಮ್ಮ ಸೂಜಿಯನ್ನು ಅಂಗಿಗೆ ಚುಚ್ಚಿಟ್ಟು ನನ್ನ ಮುಖ ನೋಡಿದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ನಾನು ಹಗುರಾಗಿ ಮನೆಗೆ ಹೋಗುತ್ತಿದ್ದೆ.

"ಆವಾಗ ಸರ್ಕಾರದ ಕಾಗದದಲ್ಲಿ ಸಹಿ ಹಾಕಿ ಒಂದು ಹೇಳಿದ್ರಿ. ಈಗ ಜಗಲೀಲಿ ಕೂತು ಇನ್ನೊಂದು ಹೇಳ್ತೀರಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಯಾವ್ದನ್ನ ನಂಬಲಿ? ವಯಸ್ಸಾದ ಹೆಂಗಸು, ಸಮಾಧಾನ ಆಗ್ಲಿ ಅಂತ ಬಂದಿದೀರ. ಒಳ್ಳೇದು. ನೀರು ಕುಡೀರಿ."

"ಇಲ್ಲ, ಆಣೆಗೂ..."

"ಬೇಡಿ. ಆಣೆ ಹಾಕ್ಬೇಡಿ."

ಒಳಗಿನಿಂದ ಚಿಕ್ಕೀರಯ್ಯನ ಹೆಂಡತಿಯ ದನಿ ಬಂತು. "ಯಾರು ನಿಂಗಾಜಿ, ಬಂದಿರೋದು?"

ಈಗಲಾದರೂ ಎದ್ದು ಒಳಗೆ ಹೋಗಿ ಆಕೆಗೆ ಹೇಳಬೇಕೆನಿಸಿತು. ಏಳಲಿಲ್ಲ.

"ಯಾರೋ ಮನೆ ತಪ್ಪಿ ಬಂದವ್ರೆ ಕಣಕ್ಕ," ಎಂದು ನಿಂಗಾಜಮ್ಮ ಕೂಗಿ ಹೇಳಿ, ಹೊಲಿದ ಅಂಗಿಯನ್ನು ತೆಗೆದುಕೊಂಡು ಒಳಗೆ ಹೋದರು.

ಅಂಗಳದ ಹಗ್ಗದ ಮೇಲೆ, ತೋಳು ಇನ್ನೂ ಹಚ್ಚದ, ಶಾಲೆ ಮಕ್ಕಳ ಏಳೆಂಟು ಅಂಗಿಗಳನ್ನು ಸಾಲಾಗಿ ಹರವಿದ್ದರು. ಗಾಳಿ ಬಂದಾಗ ಅವು ಒಮ್ಮೆ ಉಬ್ಬುತ್ತಿದ್ದವು. ಗಾಳಿ ನಿಂತಾಗ ಜೋತುಬೀಳುತ್ತಿದ್ದವು.