ಹಸಿರು ನಂಬರ್ ಪ್ಲೇಟು ಎಣಿಸಿ ಶೇರು ಕೊಳ್ಳಬಹುದೇ?

ತಾಂಡವಪುರದ ಬಸ್ ನಿಲ್ದಾಣದ ಪಕ್ಕದಲ್ಲಿ ಗುರುಮಲ್ಲಪ್ಪನ ಟೀ ಅಂಗಡಿ. ಅಂಗಡಿಯ ಮುಂದೆಯೇ ಮೈಸೂರು–ನಂಜನಗೂಡು ರಸ್ತೆ. ಎರಡು ವಾರದಿಂದ ಅವನಿಗೆ ಹೊಸದೊಂದು ಕೆಲಸ ಅಂಟಿಕೊಂಡಿತ್ತು. ಹಸಿರು ನಂಬರ್ ಪ್ಲೇಟಿನ ಕಾರು, ಅಂದರೆ ಕರೆಂಟಿನಲ್ಲಿ ಓಡುವ ಕಾರು, ಕಂಡಾಗಲೆಲ್ಲ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯುತ್ತಿದ್ದ.

ಅದಕ್ಕೆ ಕಾರಣವಿತ್ತು. ಅಕ್ಕನ ಮಗ ಮದನ್ ಮಾತು ಕೇಳಿ, ಕರೆಂಟ್ ಕಾರು ಮಾಡುವ ಒಂದು ಕಂಪನಿಯ ಶೇರಿಗೆ ಅವನು ಇಪ್ಪತ್ತು ಸಾವಿರ ಹಾಕಿದ್ದ. ಶೇರೆಂದರೆ ಕಂಪನಿಯಲ್ಲಿ ಒಂದು ಚಿಕ್ಕ ಪಾಲು. ಕೊಂಡಾಗ ಒಂದಕ್ಕೆ ನಾನೂರು ರೂಪಾಯಿ. ಮರುವಾರ ನಾನೂರ ಅರವತ್ತು. ಗುರುಮಲ್ಲಪ್ಪ ಟೀಗೆ ಬಂದವರಿಗೆಲ್ಲ ಫೋನು ತೋರಿಸಿದ. ಅದರ ಮುಂದಿನ ವಾರ ಇನ್ನೂರ ಎಂಬತ್ತು. ಆಗ ಫೋನು ಜೇಬಿನಲ್ಲೇ ಉಳಿಯಿತು.

"ಬಿದ್ದಾಗ್ಲೇ ತಗೋಬೇಕು ಮಾವ," ಅಂದ ಮದನ್. ಅವನು ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. "ಈಗ ಇನ್ನಷ್ಟು ಹಾಕಿದ್ರೆ ನಷ್ಟ ತುಂಬ್ಕೊತದೆ. ನಮ್ ವಾಟ್ಸಾಪ್ ಗುಂಪಿನ ಸಾರ್ ಹೇಳವ್ರೆ, ಆರು ತಿಂಗಳಿಗೆ ಡಬಲ್ ಅಂತೆ."

"ದುಡ್ಡು ಎಲ್ಲಿ ಅದೆ ಮಗ?"

ಇಬ್ಬರೂ ನಯನಳ ಕಡೆ ತಿರುಗಿದರು.

ನಯನ ಗುರುಮಲ್ಲಪ್ಪನ ಮಗಳು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು, ಮಾತು ಕಡಿಮೆ. ಅಂಗಡಿಯ ನೆರಳಿನಲ್ಲಿ ಕೂತು ರವಿಕೆಗೆ ಹುಕ್ಕು ಹಾಕುತ್ತಿದ್ದಳು. ನಾಲ್ಕು ವರ್ಷ ಹೊಲಿದು ಕೂಡಿಟ್ಟ ನಲವತ್ತೈದು ಸಾವಿರ ಅವಳ ಖಾತೆಯಲ್ಲಿತ್ತು. ಹೊಲಿಗೆ ಅಂಗಡಿ ಇಡಲು ನಂಜನಗೂಡಿನಲ್ಲಿ ಪುಟ್ಟ ಮಳಿಗೆ ನೋಡಿದ್ದಳು. ಒಂದನೇ ತಾರೀಖಿಗೆ ಮುಂಗಡ ಕೊಡದಿದ್ದರೆ ಅದು ಬೇರೆಯವರ ಪಾಲು. ಉಳಿದಿದ್ದು ಹದಿನೈದೇ ದಿನ.

"ಅಷ್ಟರೊಳಗೆ ವಾಪಸ್ ಕೊಡ್ತೀನಿ, ಕೊಡು ಕೂಸೇ," ಅಂದ ಅಪ್ಪ.

ನಯನ ರವಿಕೆಯ ಮೇಲೆ ಇನ್ನಷ್ಟು ಬಗ್ಗಿ ಮುಂದಿನ ಹುಕ್ಕು ಹಾಕತೊಡಗಿದಳು.

"ನಾಳೆ ಭಾನುವಾರ. ಕಾರು ಇಪ್ಪತ್ತೈದು ದಾಟಿದ್ರೆ ಸೋಮವಾರ ದುಡ್ಡು ಹಾಕೋದೇ," ಎಂದು ಗುರುಮಲ್ಲಪ್ಪ ತಾನೇ ತೀರ್ಮಾನಿಸಿದ.

ಭಾನುವಾರ ಸಂಜೆಗೆ ಹಲಗೆಯ ಮೇಲೆ ಮೂವತ್ತೊಂದು ಗೀಟು. "ನೋಡ್ಲಾ ಮದನ! ಇಷ್ಟು ಕಾರು ಮಾರೋ ಕಂಪನಿ ಮುಳುಗೋದುಂಟಾ?"

ಸೋಮವಾರ ಬೆಳಿಗ್ಗೆ ನಯನ ಪಾಸ್‌ಬುಕ್ ಹಿಡಿದು ಬೆಂಚಿನ ಮೇಲೆ ಕೂತಿದ್ದಳು. ಬ್ಯಾಂಕಿಗೆ ಹೋಗಲು ಮದನ್ ಬೈಕು ತಂದಿದ್ದ. ಅಷ್ಟರಲ್ಲಿ ರಂಜಿನಿ ಟೀಗೆ ಬಂದಳು. ಅವಳು ಬ್ಯಾಂಕ್ ಸಖಿ. ಊರೂರು ತಿರುಗಿ ಖಾತೆ ಮಾಡಿಸುವವಳು, ಪಿಂಚಣಿ ಹಣ ಕೊಡುವವಳು.

"ಏನಣ್ಣ, ಎಲ್ಲಾ ಎಲ್ಲಿಗೆ ಹೊಂಟ್ರಿ?"

ಗುರುಮಲ್ಲಪ್ಪ ಎಲ್ಲವನ್ನೂ ಹೇಳಿದ. ರಂಜಿನಿ ಲೋಟ ಕೆಳಗಿಟ್ಟಳು.

"ಆ ಗುಂಪಿನ ಸಾರ್ ಯಾರಪ್ಪ ಮದನ್? ಸೆಬಿಲಿ ನೋಂದಣಿ ಅದೆಯಾ?"

"ಸೆಬಿ ಅಂದ್ರೇನಕ್ಕ?"

"ಶೇರುಪೇಟೆ ಮೇಲೆ ಕಣ್ಣಿಡೋ ಸರ್ಕಾರದ ಸಂಸ್ಥೆ. ಇಂಥ ಶೇರು ತಗೊಳ್ಳಿ ಅಂತ ಸಲಹೆ ಕೊಡೋರು ಅಲ್ಲಿ ನೋಂದಣಿ ಮಾಡಿಸ್ಕೋಬೇಕು. ನೋಂದಣಿ ಇದ್ದೋರೂ ಡಬಲ್ ಆಯ್ತದೆ ಅಂತ ಗ್ಯಾರಂಟಿ ಕೊಡಂಗಿಲ್ಲ."

ಮದನ್ ತಲೆ ಕೆರೆದುಕೊಂಡ. "ಆ ಸಾರ್ ಮುಖಾನೇ ನಾನು ನೋಡಿಲ್ಲ."

"ಮುಖಾನೇ ನೋಡ್ದೆ ಇರೋನ ಮಾತು ನಂಬಿ ಮಾವನ್ನ ಇಳಿಸ್ಬುಟ್ಯಾ? ಬುದ್ವಂತ ಅಳಿಯ ಕಣಪ್ಪ ನೀನು!"

"ಅವನ ವಿಚಾರ ಬುಡವ್ವ," ಗುರುಮಲ್ಲಪ್ಪ ದನಿ ಏರಿಸಿದ. "ನಾನೇ ಕಣ್ಣಾರೆ ಎಣಿಸಿವ್ನಿ. ಮೂವತ್ತೊಂದು ಕಾರು!"

"ಇಪ್ಪತ್ತೇ ಕಣಪ್ಪ."

ಮಾತಾಡಿದ್ದು ನಯನ. ಎಲ್ಲರೂ ಅವಳನ್ನೇ ನೋಡಿದರು. ಅವಳು ತಲೆಯೆತ್ತದೆ ಪಾಸ್‌ಬುಕ್ಕಿನ ಅಂಚು ಸವರುತ್ತ ಹೇಳಿದಳು.

"ಹನ್ನೊಂದು ಕಾರು ಬೆಳಿಗ್ಗೆ ಊಟಿ ಕಡೆ ಹೋಗಿ ಸಂಜೆ ವಾಪಸ್ ಬಂದ್ವು. ನೀನು ಹೋದಾಗ್ಲೂ ಗೀಟು ಹಾಕ್ದೆ, ಬಂದಾಗ್ಲೂ ಹಾಕ್ದೆ. ಗಾಜಿಗೆ ಗುಲಾಬಿ ಟವಲ್ ಸಿಗಾಕಿದ್ದ ಬಿಳಿ ಕಾರು, ಬಾಗಿಲು ನೆಗ್ಗಿದ್ದ ನೀಲಿ ಕಾರು... ನಂಗೆ ನೆನಪದೆ."

ಮದನ್‌ಗೆ ನಗು ತಡೆಯಲಾಗಲಿಲ್ಲ. "ಮಾವ, ನಿಮ್ ಲೆಕ್ಕದಲ್ಲಿ ಕಾರುಗಳೂ ಮರಿ ಹಾಕ್ತವೆ!"

"ನೀನು ನಗಬ್ಯಾಡ ಬಾವ," ಅಂದಳು ನಯನ. "ಹಸಿರು ಪ್ಲೇಟು ಎಲ್ಲಾ ಕಂಪನಿ ಕರೆಂಟ್ ಕಾರಿಗೂ ಇರ್ತದೆ. ನೀನು ಹೇಳೋ ಕಂಪನಿ ಗುರುತು ಇದ್ದಿದ್ದು ನಾಕಕ್ಕೇಯ. ಅದೂ ರಜಾ ದಿನ. ಬುಧವಾರ ಒಂದೂ ಬರ್ನಿಲ್ಲ."

ಗುರುಮಲ್ಲಪ್ಪ ಹಲಗೆಯ ಮೇಲಿನ ಗೀಟುಗಳನ್ನು ಮತ್ತೆ ಎಣಿಸತೊಡಗಿದ.

"ಲೆಕ್ಕ ಸರಿ ಇದ್ದಿದ್ರೂ ಅಷ್ಟೇ ಅಣ್ಣ," ಅಂದಳು ರಂಜಿನಿ. "ಕಾರು ಚೆನ್ನಾಗಿ ಮಾರಾಟ ಆಗ್ತಿರ್ಬೋದು, ಶೇರು ಬೀಳ್ಬೋದು. ಕಂಪನಿ ಸಾಲ, ಬ್ಯಾಟರಿ ಬೆಲೆ, ಪೈಪೋಟಿ, ಜನಗಳ ಆಸೆ, ಭಯ, ಎಲ್ಲಾ ಸೇರಿ ಅದನ್ನ ಕುಣಿಸ್ತವೆ. ಶೇರೇ ಬ್ಯಾಡ ಅನ್ನಲ್ಲ ನಾನು. ಐದಾರು ವರ್ಷ ಮುಟ್ಟದಂಗೆ ಬುಡೋ ದುಡ್ಡು ಹಾಕಿ, ಅದನ್ನೂ ಒಂದೇ ಕಡೆ ಸುರೀಬ್ಯಾಡಿ. ಆದ್ರೆ ಕೂಸಿನ ದುಡ್ಡಿಗೆ ಒಂದನೇ ತಾರೀಖು ಅಂತ ಗಡುವದೆ. ಅವತ್ತು ಶೇರು ಮೇಲಿರ್ತದೆ ಅಂತ ಬರ್ಕೊಡೋರು ಯಾರು?"

"ಮತ್ತೆ ನನ್ ಇಪ್ಪತ್ತು ಸಾವಿರ?"

"ಅದು ನಿಮ್ ದುಡ್ಡು. ಕಂಪನಿ ಲಾಭ-ನಷ್ಟ ತಿಳಿದೋರ ಹತ್ರ ಓದಿಸ್ಕೊಂಡು, ಇಟ್ಕೋಬೇಕೋ ಮಾರ್ಬೇಕೋ ನೋಡಿ. ಅದನ್ನ ವಾಪಸ್ ತರಕ್ಕೆ ಅಂತ ಇವಳ್ದನ್ನ ಹಾಕ್ಬ್ಯಾಡಿ."

ಗುರುಮಲ್ಲಪ್ಪ ಮಗಳ ಕಡೆ ನೋಡಿದ. "ಅಷ್ಟೆಲ್ಲಾ ನೋಡಿದ್ದೋಳು ನಿನ್ನೇನೇ ಹೇಳಕ್ಕೇನಾಗಿತ್ತವ್ವ?"

"ನೀನು ಕೇಳ್ನಿಲ್ವಲ್ಲಪ್ಪ."

ಅವನು ಮದನ್‌ಗೆ ಬೈಕು ತಿರುಗಿಸಲು ಹೇಳಿದ.

ಮರುವಾರ ಶೇರು ಮುನ್ನೂರ ಮೂವತ್ತಕ್ಕೆ ಏರಿತು. "ಹಾಕಿದ್ರೆ ಎಂಟು ಸಾವಿರ ಬತ್ತಿತ್ತು ಮಾವ!" ಎಂದು ಮದನ್ ಫೋನು ಮಾಡಿದ. ಗುರುಮಲ್ಲಪ್ಪ ಅಂದು ಊಟ ಸರಿಯಾಗಿ ಮಾಡಲಿಲ್ಲ, ಆದರೂ ಮಗಳ ದುಡ್ಡು ಕೇಳಲಿಲ್ಲ. ತಿಂಗಳ ಕೊನೆಗೆ ಅದು ಇನ್ನೂರ ನಲವತ್ತಕ್ಕೆ ಇಳಿಯಿತು. ಅಂದು ಯಾರ ಫೋನೂ ಬರಲಿಲ್ಲ. ಒಂದನೇ ತಾರೀಖು ನಯನ ಮುಂಗಡ ಕೊಟ್ಟು ಮಳಿಗೆಯ ಬೀಗದ ಕೈ ತೆಗೆದುಕೊಂಡಳು. ತುಕ್ಕು ಹಿಡಿದಿದ್ದ ಶಟರನ್ನು ಮೇಲೆತ್ತಿದ್ದು ಅಪ್ಪ.

ಅಕ್ಕಂದಿರೇ, ಅಣ್ಣಂದಿರೇ, ಶೇರು ಕೊಳ್ಳುವುದು ತಪ್ಪಲ್ಲ. ಆದರೆ ಶಾಲೆಯ ಶುಲ್ಕಕ್ಕೋ ಹೆರಿಗೆಗೋ ಮಳಿಗೆಗೋ ಎಂದು ದಿನ ಗೊತ್ತುಮಾಡಿ ಇಟ್ಟ ಹಣವನ್ನು ಅದಕ್ಕೆ ಹಾಕಬೇಡಿ. ಡಬಲ್ ಆಗುತ್ತದೆ ಎನ್ನುವವರ ಸೆಬಿ ನೋಂದಣಿ ಸಂಖ್ಯೆ ಕೇಳಿ, ಅದು ನಿಜವೇ ಎಂದು ಸೆಬಿ ಜಾಲತಾಣದಲ್ಲಿ ನೋಡಿಸಿ. ಹಣ ಹಾಕುವ ಮುನ್ನ ಮನೆಯಲ್ಲಿ ಸುಮ್ಮನೆ ಕೂತವರನ್ನೂ ಒಂದು ಮಾತು ಕೇಳಿ. ಆ ಹಣ ಅವರದೇ ಆಗಿದ್ದರೆ, ಮೊದಲು ಅವರನ್ನೇ ಕೇಳಿ.